ಬೀಗವಿಲ್ಲದ ಡಿಕ್ಕಿ

ಬೈಕಿನ ಸೈಡ್ ಸ್ಟ್ಯಾಂಡ್ ಮಡಚದೆ ಹೊರಟವನನ್ನು ನಮ್ಮ ಕಡೆ ಯಾರೂ ಸುಮ್ಮನೆ ಹೋಗಗೊಡುವುದಿಲ್ಲ. ಎದುರಿಗೆ ಬರುವ ಬಸ್ಸಿನ ಡ್ರೈವರು ಕೂಡ ಕಿಟಕಿಯಿಂದ ಕೈ ಚಾಚಿ "ಸ್ಟ್ಯಾಂಡು! ಸ್ಟ್ಯಾಂಡು!" ಎಂದು ಕೂಗಿಯೇ ಮುಂದಕ್ಕೆ ಹೋಗುತ್ತಾನೆ. ನನಗೆ ಈ ಉಪಚಾರ ದಿನಕ್ಕೆ ನಾಲ್ಕು ಸಲವಾದರೂ ಸಿಗುತ್ತದೆ, ಕಾರಣ ಮಾತ್ರ ಬೇರೆ. ಇವತ್ತು ಬೆಳಿಗ್ಗೆ ಮುಳಬಾಗಿಲಿನ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದಿದ್ದ ಹೆಣ್ಣುಮಗಳು, "ಸಾರ್, ನಿಮ್ ಡಿಕ್ಕಿ ಲಾಕ್ ಆಗಿಲ್ಲ" ಅಂದಳು.

"ಅದಕ್ಕೆ ಲಾಕೇ ಇಲ್ಲಮ್ಮ" ಅಂದೆ.

"ಹಂಗಾದ್ರೆ ಡಿಕ್ಕಿ ಯಾಕ್ ಸಾರ್?"

ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಿದ್ದರು. ಉತ್ತರ ಕೊಡಲಾಗಲಿಲ್ಲ. ನೀವು ಬಿಡುವಾಗಿದ್ದೀರಿ ಎಂದುಕೊಂಡು ನಿಮಗೆ ಹೇಳುತ್ತೇನೆ.

ನಾನು ತಾಯಲೂರಿನ ಕಡೆಯ ಹಳ್ಳಿಗಳಲ್ಲಿ ದನಕರುಗಳಿಗೆ ಔಷಧಿ ಕೊಡುವ ಕೆಲಸದವನು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಇನ್‌ಸ್ಪೆಕ್ಟರು. ಆದರೆ ಹಸುವಿನ ಬಾಲ ಎತ್ತಿದವರೆಲ್ಲ ನಮ್ಮ ಹಳ್ಳಿಗಳಲ್ಲಿ ಡಾಕ್ಟ್ರೇ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಅವರಿಗೂ ಬೇಸರ, ನನಗೂ ನಷ್ಟ ಅನ್ನಿಸಿ ಬಿಟ್ಟೆ. ಹದಿನಾರು ವರ್ಷ ಔಷಧಿಯನ್ನೆಲ್ಲ ಒಂದು ರೆಕ್ಸಿನ್ ಚೀಲದಲ್ಲಿ ತುಂಬಿ ಹೆಗಲಿಗೆ ಹಾಕಿಕೊಂಡು ಓಡಾಡಿದ್ದೇನೆ. ಆ ಚೀಲದಿಂದಾಗಿ ನನ್ನ ಎಡ ಹೆಗಲು ಬಲದ್ದಕ್ಕಿಂತ ಒಂದು ಬೆರಳು ಕೆಳಗಿದೆ ಎನ್ನುವುದು ನನ್ನ ಹೆಂಡತಿ ಮಂಜುಳಳ ಅಭಿಪ್ರಾಯ. ದರ್ಜಿಯೂ ಅದನ್ನೇ ಹೇಳಿದ ಮೇಲೆ ನಾನು ವಾದ ಮಾಡಲಿಲ್ಲ.

ಚೀಲದ ಮೇಲೆ ನನಗೆ ಅಸಹ್ಯ ಹುಟ್ಟಿಸಿದ್ದು ಮಾಲೂರಿನ ನನ್ನ ಸಹೋದ್ಯೋಗಿ ನಾಗರಾಜ. ಒಂದು ದಿನ ಕೋಲಾರದಲ್ಲಿ ಮೀಟಿಂಗಿತ್ತು. ಅವನು ಬೈಕು ನಿಲ್ಲಿಸಿದ. ಹಿಂದುಗಡೆ ಕಪ್ಪಗೆ ಮಿರುಗುವ ಒಂದು ಡಬ್ಬ. ಕೀಲಿ ತಿರುಗಿಸಿದ್ದೇ ತಡ, ಅದು ತಾನಾಗಿ ಬಾಯಿ ತೆರೆಯಿತು. ಅದರೊಳಗಿಂದ ಫೈಲು ತೆಗೆದ, ರೈನ್‌ಕೋಟು ತೆಗೆದ, ಊಟದ ಡಬ್ಬಿ ತೆಗೆದ, ಕೊನೆಗೆ ಒಂದು ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ನನ್ನ ಚೀಲದಿಂದ ಆ ಹೊತ್ತಿಗೆ ಅಯೋಡಿನ್ ಸೋರಿ ಅಂಗಿಯ ಮೇಲೆ ಹಳದಿ ನಕ್ಷೆ ಬರೆಯುತ್ತಿತ್ತು. ಮೀಟಿಂಗಿನಲ್ಲಿ ಏನು ಹೇಳಿದರೋ ನನಗೆ ಒಂದಕ್ಷರ ನೆನಪಿಲ್ಲ. ಮುಗಿದ ಕೂಡಲೆ ಬಿಡಿಭಾಗದ ಅಂಗಡಿಗೆ ಹೋದೆ.

ನಾಗರಾಜನದು ಒಳ್ಳೇ ಕಂಪನಿಯದು. ಅದರ ಬೆಲೆ ಕೇಳಿ, ನಾನು ಸುಮ್ಮನೆ ಹಾರ್ನ್ ವಿಚಾರಿಸಲು ಬಂದವನ ಹಾಗೆ ಮುಖ ಮಾಡಿದೆ. ಅಂಗಡಿಯವನಿಗೆ ಇಂಥ ಮುಖಗಳ ಪರಿಚಯವಿತ್ತು. ಅಟ್ಟದಿಂದ ಇನ್ನೊಂದು ಇಳಿಸಿದ. "ಅದೇ ಮಾಲು ಸಾರ್, ಹೆಸರು ಮಾತ್ರ ಇಲ್ಲ. ಹೆಸರಿಗ್ಯಾಕೆ ದುಡ್ಡು ಕೊಡ್ತೀರ?" ಕಾಲುಭಾಗ ಬೆಲೆ. ಮುಚ್ಚಳದ ಮೇಲೆ ಬೆಳ್ಳಿ ಬಣ್ಣದ ಒಂದು ಹದ್ದಿತ್ತು. ಹೊಸ ಪ್ಲಾಸ್ಟಿಕ್ಕಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಎರಡು ಕೀಲಿ ಕೊಟ್ಟ. ಒಂದರಲ್ಲಿ ಹಾಕಬಹುದು, ಇನ್ನೊಂದರಲ್ಲಿ ತೆಗೆಯಬಹುದು ಎಂಬುದು ನನಗೆ ತಿಳಿದಿದ್ದು ಮನೆಗೆ ಬಂದಮೇಲೆ.

ಭಾನುವಾರ ನಾನೇ ಕೂರಿಸುತ್ತೇನೆಂದು ಹೊರಟೆ. ಜೊತೆಗೆ ಬಂದ ಹಾಳೆಯಲ್ಲಿ ಕನ್ನಡವಿರಲಿ, ಇಂಗ್ಲಿಷೂ ಇರಲಿಲ್ಲ, ಬರೀ ಚಿತ್ರಗಳು. ಚಿತ್ರದಲ್ಲಿದ್ದವನು ನಗುತ್ತಾ ಕೂರಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಡಬ್ಬ ಬೈಕಿನ ಮೇಲಿತ್ತು, ನನ್ನ ಕೈಯಲ್ಲಿ ನಾಲ್ಕು ನಟ್ಟು ಉಳಿದಿದ್ದವು. "ಇವು?" ಅಂದಳು ಮಂಜುಳ. "ಸ್ಪೇರ್ ಕೊಟ್ಟಿದ್ದಾರೆ" ಅಂದೆ. ಬೀದಿಯ ಕೊನೆಯ ಹಂಪ್ ದಾಟುವಾಗ ಡಬ್ಬ ಕೆಳಗಿಳಿದು, ನನ್ನನ್ನು ಕಾಯದೆ ಮನೆ ಕಡೆಗೆ ಉರುಳಿತು.

ಆಮೇಲೆ ಮೆಕ್ಯಾನಿಕ್ ಬಾಷಾನೇ ಗತಿ. ಬಾಷಾ ಡಬ್ಬವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸಾರ್, ಈ ಪ್ಲೇಟು ನಿಮ್ ಗಾಡೀದಲ್ಲ" ಅಂದ.

"ಮತ್ತೆ ಯಾವುದರದು?"

"ಯಾವ ಗಾಡೀದೂ ಅಲ್ಲ ಸಾರ್."

ಆದರೂ ಅವನು ಕಲಾವಿದ. ಕಬ್ಬಿಣದ ಪಟ್ಟಿ ಕೊಯ್ದು, ತೂತು ಹೊಡೆದು, ಅಲುಗಾಡದಿರಲೆಂದು ಕೆಳಗೆ ಹಳೇ ಟ್ಯೂಬಿನ ತುಂಡು ಕೊಟ್ಟು, ಭೂಕಂಪವಾದರೂ ಬೈಕು ಹೋದೀತು, ಡಬ್ಬ ಹೋಗದು ಎನ್ನುವಂತೆ ಕೂರಿಸಿದ. ಕೀಲಿಯನ್ನು ಎರಡು ಸಲ ತಿರುಗಿಸಿ ನೋಡಿ ಮಾತ್ರ ಮುಖ ಹುಳ್ಳಗೆ ಮಾಡಿದ. "ಲಾಕ್ ಚೆನ್ನಾಗಿಲ್ಲ ಸಾರ್. ಬೇರೆ ಹಾಕ್ಲಾ?" ಹೊಸ ಡಬ್ಬಕ್ಕೆ ಬೇರೆ ಬೀಗ ಹಾಕಿಸಿದರೆ ಕಡಿಮೆ ಬೆಲೆಗೆ ತಂದೆನೆಂಬ ನನ್ನ ಹೆಮ್ಮೆ ಎಲ್ಲಿ ಉಳಿಯುತ್ತದೆ? ಬೇಡ ಅಂದೆ.

ಸಂಜೆ ಮಂಜುಳಳನ್ನು ಕೂರಿಸಿಕೊಂಡು ಕುರುಡುಮಲೆಗೆ ಹೊರಟೆ, ಗಣೇಶನಿಗೆ ತೋರಿಸಿಕೊಂಡು ಬರಲು. ಅವಳು ಒಂದೇ ಕಡೆ ಕಾಲು ಹಾಕಿ ಕೂರುವವಳು. ಡಬ್ಬ ಅವಳನ್ನು ಮುಂದಕ್ಕೆ ತಳ್ಳಿತು, ಅವಳು ನನ್ನನ್ನು ತಳ್ಳಿದಳು, ನಾನು ಹೆಚ್ಚುಕಡಿಮೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಓಡಿಸಿದೆ. ಗುಡಿಯ ಮುಂದೆ ನಿಲ್ಲಿಸುತ್ತಿದ್ದಂತೆ ಒಬ್ಬ ಹಿರಿಯರು ಬಂದು, "ಯಾರ ಹೆಸರಿಗಪ್ಪಾ ಪಾರ್ಸಲ್ಲು?" ಅಂದರು. ಬರುವಾಗ ಮಂಜುಳ, "ನೀವೂ ನಿಮ್ಮ ಹದ್ದೂ ಹೋಗಿ, ನಾನು ಬಸ್ಸಲ್ಲಿ ಬರ್ತೀನಿ" ಅಂದು ನಿಜವಾಗಿಯೂ ಬಸ್ಸಿನಲ್ಲೇ ಬಂದಳು. ಮುಂದಿನ ವಾರ ಕೆಲಸದ ಮೇಲೆ ಶ್ರೀನಿವಾಸಪುರಕ್ಕೆ ಹೋದಾಗ ಮಾವಿನ ಮಂಡಿಯ ಮುಂದೆ ಇಬ್ಬರು ನನ್ನನ್ನು ನಿಲ್ಲಿಸಿ ಕುಲ್ಫಿ ಕೇಳಿದರು. ನನಗೆ ಇದ್ಯಾವುದೂ ತಾಗಲಿಲ್ಲ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಹದ್ದನ್ನು ಒರೆಸುತ್ತಿದ್ದೆ.

ಹೀಗೆ ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಮುನಿವೆಂಕಟಮ್ಮನ ಫೋನು. ಈಕೆ ತಾಯಲೂರಿನಾಚೆ ಒಂದು ಹಳ್ಳಿಯವರು. ಒಂದಿಷ್ಟು ಹಿಪ್ಪುನೇರಳೆ, ಒಂದು ಸೀಮೆಹಸು, ಅರವತ್ತು ದಾಟಿದ ವಯಸ್ಸು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಬಂದರೆ ಪೂರಾ ತೆಲುಗು. "ಡಾಕ್ಟರೂ, ನಿನ್ನೆ ಈದೈತೆ, ಇವತ್ತು ಏಳ್ತಾ ಇಲ್ಲ. ಕತ್ತು ಪಕ್ಕಕ್ಕಾಕ್ಕೊಂಡು ಮಲಗಿಬಿಟ್ಟೈತೆ. ಕಿವಿ ತಣ್ಣಗೈತೆ. ಬೇಗ ರಾ ಸಾಮಿ."

ಹಾಲುಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಾಗುತ್ತದೆ. ಹೆಚ್ಚು ಹಾಲು ಕೊಡುವ ಹಸು ಈದ ಮೇಲೆ ಮೈಯಲ್ಲಿದ್ದ ಸುಣ್ಣದ ಸತ್ವವೆಲ್ಲ ಹಾಲಿಗಿಳಿದು ಕುಸಿದುಬೀಳುತ್ತದೆ. ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ರಕ್ತಕ್ಕೆ ಬಿಟ್ಟರೆ ಕಣ್ಣೆದುರಿಗೇ ಎದ್ದು ನಿಲ್ಲುತ್ತದೆ, ತಡವಾದರೆ ಇಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ದೂರದ ಶಿಬಿರದಲ್ಲಿದ್ದರು. "ನೀನೇ ಹೋಗಿ ಹಾಕು, ನಿಧಾನವಾಗಿ ಹಾಕು, ನಾನು ಆಮೇಲೆ ಬರ್ತೀನಿ" ಅಂದರು. ಮೂರು ಬಾಟಲಿ ಡಬ್ಬದಲ್ಲಿಟ್ಟು, ಬೀಗ ಹಾಕಿ, ಗುಂಡಿ ರಸ್ತೆಯೆನ್ನದೆ ಓಡಿಸಿದೆ.

ಹಸು ಕೊಟ್ಟಿಗೆಯಲ್ಲಿ ಸೊಂಟದ ಕಡೆ ತಲೆ ಮಡಚಿಕೊಂಡು ಬಿದ್ದಿತ್ತು. ಕಣ್ಣು ಮಂಕು. ಓಡಿಬಂದು ಡಬ್ಬಕ್ಕೆ ಕೀಲಿ ಹಾಕಿ ತಿರುಗಿಸಿದೆ. ಕೀಲಿ ತಿರುಗಿತು, ಅರ್ಧ ಮಾತ್ರ. ಇನ್ನರ್ಧ ಮುರಿದು ಒಳಗೇ ಉಳಿಯಿತು.

"ಸ್ವಲ್ಪ ಕೊಬ್ಬರಿ ಎಣ್ಣೆ ಕೊಡಿ" ಅಂದೆ. ಕೊಟ್ಟರು. "ಒಂದು ಹೇರ್‌ಪಿನ್ನು?" ತಲೆಯಿಂದ ಕಿತ್ತು ಕೊಟ್ಟರು. ಎಣ್ಣೆ ಹದ್ದಿನ ಕೊಕ್ಕಿನಿಂದ ಇಳಿಯಿತೇ ಹೊರತು ಬೀಗ ಜಪ್ಪಯ್ಯ ಅನ್ನಲಿಲ್ಲ. ಒಳಗೆ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಆಗ ನಾನು ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯಲೂ ನಾಚಿಕೆ. "ಮುನಿವೆಂಕಟಮ್ಮ, ಅರ್ಧ ಗಂಟೆ. ಮುಳಬಾಗಿಲಿಗೆ ಹೋಗಿ ಬಾಷಾನ ಕೈಲಿ ತೆಗೆಸ್ಕೊಂಡು ಬಂದುಬಿಡ್ತೀನಿ." ಅರ್ಧ ಗಂಟೆಯಲ್ಲಿ ಆಗುವ ಕೆಲಸವಲ್ಲ ಅದು. ಹಸುವಿಗೆ ಅಷ್ಟು ಹೊತ್ತಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಆದರೂ ಬಾಯಿಂದ ಬಂತು. ಏಕೆಂದರೆ, ಡಬ್ಬ ಹೊಸದು.

ಮುನಿವೆಂಕಟಮ್ಮ ನನ್ನನ್ನು ಒಂದು ಸಲ ನೋಡಿದರು. ಒಳಗೆ ಹೋಗಿ ಗಡಾರಿ ತಂದರು. ಗುಣಿ ತೋಡುವ, ಎದೆಯೆತ್ತರದ ಕಬ್ಬಿಣದ್ದು.

"ಪಕ್ಕಕ್ಕೆ ನಿಲ್ಲು ಸಾಮಿ."

"ಬಾಟ್ಲಿ ಒಡೆಯುತ್ತೆ!" ಎಂದು ಕೂಗಿದೆ.

"ಮೂಲೇಗೆ ಹಾಕ್ತೀನಿ" ಅಂದವರೇ ಮುಚ್ಚಳದ ಸಂದಿಗೆ ಗಡಾರಿಯ ತುದಿ ಕೊಟ್ಟು ಒಂದೇ ಸಲ ಮೀಟಿದರು. ಪಟಾರ್ ಎಂದಿತು. ಬೀಗ ಹಾರಿ ತಿಪ್ಪೆಗೆ ಬಿತ್ತು, ಹದ್ದಿನ ಒಂದು ರೆಕ್ಕೆ ಬೇವಿನ ಮರದ ಬುಡಕ್ಕೆ ಹೋಯಿತು. ಬಾಷಾ ಕೂರಿಸಿದ ಪಟ್ಟಿ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಮೂರು ಬಾಟಲಿಯೂ ಸುರಕ್ಷಿತ.

ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಕತ್ತಿನ ನರಕ್ಕೆ ಸೂಜಿ ಕೊಟ್ಟೆ. ಅವರು ಬಾಟಲಿ ಎತ್ತಿ ಹಿಡಿದರು, ನಾನು ಎದೆಬಡಿತಕ್ಕೆ ಕಿವಿಗೊಟ್ಟು ಕೂತೆ. ಒಂದು ಬಾಟಲಿ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಹಸುವಿನ ತೊಡೆ ಅದುರಿತು. ಮೂತಿಯ ಮೇಲೆ ಬೆವರ ಹನಿ ಮೂಡಿತು. ದೊಡ್ಡದಾಗಿ ತೇಗಿತು. ಆಮೇಲೆ ಸಗಣಿ ಹಾಕಿ, ಹಿಂಗಾಲು ಊರಿ, ಏನೂ ಆಗಿಲ್ಲವೆಂಬಂತೆ ಎದ್ದು ನಿಂತು ಕರುವನ್ನು ಹುಡುಕಿತು. "ಲೇಚಿಂದಿ! ಎದ್ದುಬಿಟ್ಲು ನಮ್ಮಮ್ಮ!" ಎಂದು ಮುನಿವೆಂಕಟಮ್ಮ ಎರಡೂ ಭಾಷೆಯಲ್ಲಿ ಕೂಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಬೈಕಿನ ಕಡೆ ತಿರುಗಿ ಏನೋ ಸರಿಮಾಡುವವನ ಹಾಗೆ ನಿಂತೆ.

ಹೊರಡುವಾಗ ಅವರು ಡಬ್ಬದ ಮುಚ್ಚಳವನ್ನು ಸಣಬಿನ ಹುರಿಯಲ್ಲಿ ಕಟ್ಟಿಕೊಟ್ಟರು. "ನಿನ್ ಡಬ್ಬ ಹಾಳ್ ಮಾಡ್ದೆ" ಅಂದರು. "ಬಿಡಿ, ಅಗ್ಗದ್ದು" ಅಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬೇರೆ ಬೀಗ ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಔಷಧಿ ಮತ್ತೆ ಚೀಲ ಸೇರಿತು, ಚೀಲ ಹೆಗಲಿಗೇರಿತು. ಖಾಲಿ ಡಬ್ಬ ಹುರಿ ಕಟ್ಟಿಸಿಕೊಂಡು ಹಿಂದೆ ಕೂತಿತು. ಆಗ ಶುರುವಾಯಿತು ನೋಡಿ. ನಾನು ಕೊಟ್ಟಿಗೆಯೊಳಗಿದ್ದಾಗ ಯಾರೋ ಹುರಿ ಬಿಚ್ಚಿ ಎರಡು ಹಿಡಿ ಅವರೆಕಾಯಿ ಹಾಕಿರುತ್ತಿದ್ದರು. ಇನ್ನೊಂದು ದಿನ ಟೊಮೇಟೊ. ಮತ್ತೊಂದು ದಿನ ಪಕ್ಕದೂರಿನ ಬೀಗರಿಗೆ ತಲುಪಿಸಬೇಕಾದ ಮದುವೆ ಕಾಗದ, ಹೆಸರು ಬರೆದು. ಯಾರದೋ ಚಪ್ಪಲಿ, ಹೊಲಿಸಿಕೊಂಡು ಬರಲು. ಒಂದು ಸಂಜೆ ನಾನು ಮನೆಗೆ ಬಂದ ಮೇಲೆ ಮಂಜುಳ ಮುಚ್ಚಳ ತೆಗೆದರೆ ಕಾಲಿನ ಕಟ್ಟು ಬಿಚ್ಚಿಕೊಂಡಿದ್ದ ನಾಟಿಕೋಳಿ ಕೊಕ್ಕೊಕ್ಕೋ ಎಂದು ಹಾರಿ ಮನೆಯೆಲ್ಲ ಸುತ್ತಿತು. ಹಿಡಿಯುವಷ್ಟರಲ್ಲಿ ಫೋನು: "ಡಾಕ್ಟ್ರೇ, ನಮ್ ಮಗಳಿಗೆ ಕೋಳಿ ಕೊಟ್ರಾ?" ಕೊಡಬೇಕಾದರೆ ಮೊದಲು ಯಾರಾದರೂ ನನಗೆ ಹೇಳಿರಬೇಕಲ್ಲವೆ? ಮಾರನೆಯ ದಿನ ಕೋಳಿಯನ್ನೂ, ಅದು ನಮ್ಮ ದಿಂಬಿನ ಮೇಲಿಟ್ಟ ಮೊಟ್ಟೆಯನ್ನೂ ಒಟ್ಟಿಗೆ ತಲುಪಿಸಿದೆ. ಎರಡು ವರ್ಷದಲ್ಲಿ ಒಂದು ವಸ್ತುವೂ ಕಳುವಾಗಲಿಲ್ಲ.

ಈಗ ಇತ್ತೀಚಿನ ವಿಷಯಕ್ಕೆ ಬರುತ್ತೇನೆ. ಡಬ್ಬದೊಳಗೆ ಮುಚ್ಚಳ ಬಿಗಿದ ಒಂದು ಸ್ಟೀಲ್ ಪಾತ್ರೆ ಸಿಕ್ಕಿತು. ತುಂಬಾ ಗಿಣ್ಣು, ಬೆಲ್ಲ ಏಲಕ್ಕಿ ಹಾಕಿ ಮಾಡಿದ್ದು. ಮಂಜುಳ ಎರಡು ತುಂಡು ಕೊಯ್ದು ತಟ್ಟೆಗೆ ಹಾಕಿ, ಪಾತ್ರೆಯ ಅಂಚಿನಲ್ಲಿ ಕೊರೆಸಿದ್ದ ಹೆಸರನ್ನು ಓದಿದಳು: "ಲಕ್ಷ್ಮೀದೇವಮ್ಮ ಗೋಪಾಲಪ್ಪ." ನನ್ನ ಕೈಯಲ್ಲಿದ್ದ ತುಂಡು ಹಾಗೇ ನಿಂತಿತು.

ಗೋಪಾಲಪ್ಪನ ಹಸು ಕಳೆದ ಬೇಸಗೆಯಲ್ಲಿ ಹೊಟ್ಟೆ ಉಬ್ಬರಿಸಿಕೊಂಡು ಸತ್ತಿತ್ತು. ನಾನು ಹೋಗಿದ್ದೆ, ತಿಳಿದಿದ್ದನ್ನೆಲ್ಲ ಮಾಡಿದ್ದೆ, ಉಳಿಯಲಿಲ್ಲ. ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಲಿಲ್ಲವೆಂದೇ ನನಗೆ ಆ ಬೀದಿಗೆ ಕಾಲಿಡಲು ಆಗುತ್ತಿರಲಿಲ್ಲ. ಅಲ್ಲಿಂದೀಚೆಗೆ ಆ ಊರಿಗೆ ಹೋದರೆ ಕೆರೆ ಏರಿಯ ಮೇಲೆ ಸುತ್ತುಹಾಕಿಕೊಂಡು ಹೋಗುತ್ತಿದ್ದೆ.

ಹತ್ತು ದಿನ ಆ ಪಾತ್ರೆ ನಮ್ಮ ಅಡುಗೆಮನೆಯಲ್ಲೇ ಇತ್ತು. ಹನ್ನೊಂದನೆಯ ದಿನ ಮಂಜುಳ ಅದಕ್ಕೆ ಸಕ್ಕರೆ ತುಂಬಿ, "ಪಾತ್ರೆ ಖಾಲಿ ಕೊಡಬಾರದು. ತಗೊಂಡು ಹೋಗಿ" ಎಂದು ಕೈಗಿತ್ತಳು. ಇವತ್ತು ಹೋದೆ. ಬಾಗಿಲಲ್ಲಿ ಲಕ್ಷ್ಮೀದೇವಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಲ್ಲ ಮರೆತು, "ಪಾತ್ರೆ" ಅಂದೆ.

"ಬಂದ್ರಲ್ಲ ಕೊನೆಗೆ" ಎಂದು ಅವರು ನಕ್ಕರು. "ಏರಿ ಮೇಲೆ ಹೋಗೋದು ನಾವ್ ನೋಡ್ತಿರಲಿಲ್ವಾ? ಕರೆದ್ರೆ ಬರಲ್ಲ ಅಂತ ಗೊತ್ತಿತ್ತು. ಪಾತ್ರೆ ಕೊಡೋಕಾದ್ರೂ ಬರ್ತೀರ ಅಂತ ಇಟ್ಟೆ."

ಗೋಪಾಲಪ್ಪ ಹಿತ್ತಲಿಂದಲೇ, "ಡಾಕ್ಟ್ರಾ? ಬರಕ್ಕೇಳು, ಹೊಸ ಹಸ ನೋಡ್ಲಿ" ಎಂದು ಕೂಗಿದ. ಹೋಗಿ ನೋಡಿದೆ. ಹಣೆಯ ಮೇಲೆ ಬಿಳಿ ಮಚ್ಚೆಯ ಕೆಂದ ಹಸು, ಅದರದೇ ಅಚ್ಚಿನ ಕರು. ಇಬ್ಬರೂ ಬಹಳ ಹೊತ್ತು ಅದರ ಕೆಚ್ಚಲು, ಕೊಂಬು, ಹುಲ್ಲು ಅಂತ ಮಾತಾಡಿದೆವು. ಹಳೆಯದರ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊರಗೆ ಬಂದಾಗ ಲಕ್ಷ್ಮೀದೇವಮ್ಮ, "ಕಾಫಿ ಕುಡೀತೀರಾ?" ಅಂದರು. ಹೋದ ಮನೆಯಲ್ಲೆಲ್ಲ ಈಗ ತಾನೆ ಆಯ್ತು ಅನ್ನುವುದು ನನ್ನ ಹದಿನೆಂಟು ವರ್ಷದ ಅಭ್ಯಾಸ.

ಜಗಲಿಯ ಮೇಲೆ ಚೀಲ ಇಳಿಸಿ ಕೂತೆ.

"ಹಾಲು ಜಾಸ್ತಿ ಹಾಕಿ" ಅಂದೆ.