ಕರೆಂಟ್ ಮಾವನ ಮುಂದೆ ಕಾರಿನ ಹಾಗೆ ಕೂಗಿದವರು

ದೊಡ್ಡಮ್ಮ ಕರೆಂಟ್ ಮಾವನನ್ನು ಮೊದಲು ನೋಡಿದ ದಿನ ಅವನ ಬ್ಯಾಟರಿ ರಿಪೇರಿ ಶೆಡ್ಡಿನಲ್ಲಿ ಒಬ್ಬರು ದೊಡ್ಡ ಮನುಷ್ಯರು ಕಾರಿನ ಹಾಗೆ ಕೂಗುತ್ತಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಕೋಟು, ಕಾಲಲ್ಲಿ ಮಿರಮಿರ ಮಿಂಚುವ ಬೂಟು. ಬಾಯಿಂದ ಮಾತ್ರ "ಗರ್ರ್... ಟಕಟಕಟಕಟಕ" ಎಂಬ ಸದ್ದು.

"ಗಂಟಲಲ್ಲಿ ಬೇಡ ಸಾರ್, ಹಲ್ಲಿನ ಹತ್ತಿರ ಮಾಡಿ. ಟಕಟಕ ಒಂದೇ ಸಮನೆ ಬಂತೋ, ಒಂದು ಸಲ ಟಕ್ ಅಂದು ಸುಮ್ಮನಾಯ್ತೋ?" ಎಂದು ಎದುರಿಗೆ ಸ್ಟೂಲಿನ ಮೇಲೆ ಕೂತ ಮುದುಕ ಕೇಳುತ್ತಿದ್ದ. ಅವನೇ ಕರೆಂಟ್ ಮಾವ, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿದ್ದ.

"ಒಂದೇ ಸಮನೆ."

"ಪೂರ್ತಿ ಮಾಡಿ ತೋರಿಸಿ."

ಸಾಹೇಬರು ಆಚೀಚೆ ನೋಡಿದರು. ಬಾಗಿಲಲ್ಲಿ ಅಳತೆ ಟೇಪು ಹಿಡಿದು ನಿಂತಿದ್ದ ದೊಡ್ಡಮ್ಮನನ್ನು ಕಂಡು ಕಿವಿಯವರೆಗೆ ಕೆಂಪಾದರು. ಆದರೂ ಮಾಡಿದರು. ಕಾರಿನ ಎಂಜಿನ್ ಹತ್ತದೆ ಆಫೀಸಿಗೆ ಹೋಗುವಂತಿರಲಿಲ್ಲ, ಪಾಪ.

"ಬ್ಯಾಟರಿ ಸತ್ತಿಲ್ಲ ಸಾರ್, ತಲೆ ಮೇಲೆ ಬೂದಿ ಬಳ್ಕೊಂಡು ಕೂತಿದೆ ಅಷ್ಟೆ," ಎಂದು ಮಾವ ಎದ್ದ. ಬಾನೆಟ್ ಎತ್ತಿ, ಮೊದಲು ಮೈನಸ್ಸಿನ ತಂತಿ, ಆಮೇಲೆ ಪ್ಲಸ್ಸಿನದು ಬಿಚ್ಚಿದ. ತುದಿಗಳ ಮೇಲೆ ಕಟ್ಟಿದ್ದ ಬಿಳಿ ಪುಡಿಗೆ ಸೋಡಾ ಬೆರೆಸಿದ ಬಿಸಿನೀರು ಹುಯ್ದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಮತ್ತೆ ಬಿಗಿ ಮಾಡಿದ. ಎಂಜಿನ್ ಹತ್ತಿ ಕಾರು ಸ್ಟಾರ್ಟಾಯಿತು. ಸಾಹೇಬರು ಅಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ.

ದೊಡ್ಡಮ್ಮ ಬಂದದ್ದು ಸೀಟಿನ ಕವರ್ ಅಳತೆಗೆ. ಗಂಡ ಹೋದ ಮೇಲೆ ಅವಳ ಹೊಟ್ಟೆಪಾಡು ಹೊಲಿಗೆ ಯಂತ್ರದ್ದು. ಶೆಡ್ಡಿನಿಂದ ನಾಲ್ಕು ಹೆಜ್ಜೆ ದಾಟಿದರೆ ಅವಳು ಆಗಷ್ಟೇ ಬಂದು ಸೇರಿದ್ದ ಮನೆ. ಮಹಡಿಯ ಕಿಟಕಿಗೆ ಯಂತ್ರ ಒತ್ತರಿಸಿಕೊಂಡು ಕೂತರೆ ಕೆಳಗಿನ ಬೀದಿಯೆಲ್ಲ ಅವಳದೇ. ಓದು ಅಷ್ಟಕ್ಕಷ್ಟೆ, ಬಸ್ಸಿನ ಬೋರ್ಡು ಕೂಡಿಸಿಕೊಂಡು ಓದುವಷ್ಟು. ಅಳತೆಯಲ್ಲಿ ಮಾತ್ರ ಒಂದು ನೂಲು ಆಚೀಚೆ ಆಗುತ್ತಿರಲಿಲ್ಲ.

ಬೀದಿಯವರೆಲ್ಲ ಮಾವನ ಪದ್ಧತಿಗೆ ಒಗ್ಗಿಹೋಗಿದ್ದರು. ಗಾಡಿ ತಂದವರು ಅದು ಚಳಿಯಲ್ಲಿ ಹೇಗೆ ಕೂಗಿತು ಎಂದು ಕೂಗಿ ತೋರಿಸಲೇಬೇಕು. ಎಳೆದೆಳೆದು "ಊಂ... ಊಂ..." ಅಂದರೆ ಬ್ಯಾಟರಿಯಲ್ಲಿ ಕಸುವಿಲ್ಲ. ಎಣ್ಣೆ ಚಳಿಗೆ ಗಟ್ಟಿಯಾಗಿ, ಎಂಜಿನ್ ತಿರುಗಿಸಲು ದುಪ್ಪಟ್ಟು ಶಕ್ತಿ ಬೇಕಾದ ಹೊತ್ತಿಗೇ ಬ್ಯಾಟರಿ ಅರ್ಧ ಸೋತಿರುತ್ತದೆ. ಒಂದೇ ಸಲ ಟಕ್ ಎಂದು ನಿಂತರೆ ಸ್ಟಾರ್ಟರಿನ ತಂಟೆ. ಪೂರ್ತಿ ಮೌನವಾದರೆ ತಂತಿ ಎಲ್ಲೋ ಕಳಚಿದೆ, ಇಲ್ಲವೇ ಡಿಕ್ಕಿಯ ದೀಪ ರಾತ್ರಿಯೆಲ್ಲ ಉರಿದಿದೆ. ಇದನ್ನೆಲ್ಲ ಮಾವ ಸ್ಟೂಲಿನ ಮೇಲೆ ಕೂತೇ ಹೇಳುತ್ತಿದ್ದ. ಮೀಟರು ಹಚ್ಚುವುದು ಆಮೇಲೆ. ಇದು ಅವನ ವಿದ್ಯೆ ಎಂದು ಜನ ತಲೆದೂಗಿದರು. ಅವನೂ ತೂಗಿಸಿಕೊಂಡ.

ಆದರೆ ದೊಡ್ಡಮ್ಮನಿಗೆ ಒಂದು ದಿನ ಬೇರೆಯೇ ಕಂಡಿತು. ಅವನ ಸ್ಟೂಲಿಗೆ ಒಂದು ದಿಂಬು ಹೊಲಿಯುತ್ತ, ಅಭ್ಯಾಸದಂತೆ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೇಳಿದಳು: "ಕೆಂಪಾ, ಕಪ್ಪಾ?"

"ಹೌದು ಹೌದು," ಎಂದ ಮಾವ ದೊಡ್ಡದಾಗಿ ನಕ್ಕು.

ಅವಳು ಸೂಜಿಗಳನ್ನು ತೆಗೆದು ಮತ್ತೆ ಕೇಳಿದಳು. "ಕಪ್ಪೇ ಇರಲಿ ಅಕ್ಕಾ, ಎಣ್ಣೆ ಕಲೆ ಕಾಣಲ್ಲ," ಎಂದ. ದೊಡ್ಡಮ್ಮ ಸುಮ್ಮನೆ ಕಪ್ಪು ಬಟ್ಟೆ ಕತ್ತರಿಸಿದಳು. ಅವನ ಕಣ್ಣು ಸದಾ ಎದುರಿನವರ ತುಟಿಯ ಮೇಲಿರುವುದು, ಬೇಸಿಗೆಯಲ್ಲೂ ಮಫ್ಲರ್ ಬಿಚ್ಚದಿರುವುದು, ಬೇರೆ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಇವನು ಅದುರು ತಿಳಿಯಲೆಂಬಂತೆ ದವಡೆಗೆ ಒತ್ತಿಕೊಳ್ಳುವುದು, ಎಲ್ಲ ಒಂದೇ ದಾರದಲ್ಲಿ ಬಂದು ಕೂತಿತು. ದಪ್ಪ ಸದ್ದು ಇನ್ನೂ ಅಷ್ಟಿಷ್ಟು ಕೇಳುತ್ತಿತ್ತೇನೋ, ತೆಳುವಾದ ಕೀಚಲು ಸದ್ದು ಅವನ ಪಾಲಿಗೆ ಇರಲೇ ಇಲ್ಲ. ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಅಂದಿನಿಂದ ಅವನ ಮುಂದೆ ಸೂಜಿ ಕಚ್ಚಿಕೊಳ್ಳುವುದನ್ನು ಮಾತ್ರ ಬಿಟ್ಟಳು.

ಮಾವನ ಅನ್ನಕ್ಕೆ ಸಂಚಕಾರ ಬಂದದ್ದು ಮೀಸೆ ಡ್ರೈವರನ ಟ್ಯಾಕ್ಸಿಯಿಂದ.

ಆ ಡ್ರೈವರ್ ದೊಡ್ಡಮ್ಮನ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ. ಆಳು ಬೀರುವಿನಂಥವನು, ಮೀಸೆ ಆಳಿಗಿಂತ ದೊಡ್ಡದು. ಆ ವರ್ಷ ಆ ಬೆಟ್ಟದೂರಿನ ಚಳಿ ಎಂದರೆ ಬಕೆಟ್ಟಿನ ನೀರಿನ ಮೇಲೆ ಕೆನೆಯ ಹಾಗೆ ಮಂಜು ಕಟ್ಟುವಂಥದ್ದು. ಅವನ ಗಾಡಿ ಬೆಳಗ್ಗೆ ಹತ್ತದೆ ಹಟ ಹಿಡಿಯಿತು. ರೈಲಿಗೆ ಹೊರಟ ಪ್ರಯಾಣಿಕರೇ ಇಳಿದು ತಳ್ಳಬೇಕಾಯಿತು. ಮಾವ ನೋಡಿ, ಬ್ಯಾಟರಿ ಮುದಿಯಾಗಿದೆ ಎಂದು ಹೊಸದು ಹಾಕಿಸಿದ. ಸ್ವಲ್ಪ ದಿನಕ್ಕೆ ಅದೂ ಮಲಗಿತು. ಮತ್ತೆ ಚಾರ್ಜಿಗೆ ಹಾಕಿದ, ಮತ್ತೆ ಮಲಗಿತು. ಗಾಡಿಯನ್ನು ತಳ್ಳಿಸಿ ಹತ್ತಿಸಿ, ಬಾಡಿಗೆ ಮುಗಿಸಿಕೊಂಡು ಶೆಡ್ಡಿಗೆ ತಂದಾಗಲೆಲ್ಲ ಮಾವನ ಮೀಟರು ಹದಿನಾಲ್ಕು ವೋಲ್ಟು ತೋರಿಸುತ್ತಿತ್ತು. ಎಂಜಿನ್ ಓಡುವಾಗ ಅಷ್ಟಿದ್ದರೆ ಡೈನಮೋ ಬ್ಯಾಟರಿಗೆ ಸರಿಯಾಗಿ ಉಣಿಸುತ್ತಿದೆ ಎಂದೇ ಲೆಕ್ಕ. ಮಾವ ತಲೆ ಕೆರೆದುಕೊಂಡ.

"ಇನ್ನೊಂದು ಸಲ ನನ್ನ ಗಾಡಿ ಕೈಕೊಟ್ರೆ ಟ್ಯಾಕ್ಸಿ ಸ್ಟ್ಯಾಂಡಿನವರೆಲ್ಲ ಆಚೆ ಬೀದೀಲಿ ತೆರೆದಿರೋ ಹೊಸ ಗ್ಯಾರೇಜಿಗೆ ಹೋಗೋದು ಅಂತ ಮಾತಾಗಿದೆ, ದೊಡ್ಡಮ್ಮ," ಎಂದ ಡ್ರೈವರ್ ಒಂದು ಸಂಜೆ, ಹರಿದ ಸೀಟಿನ ಕವರ್ ಕೊಡಲು ಬಂದವನು. "ಟ್ಯಾಕ್ಸಿಗಳು ಹೋದ್ಮೇಲೆ ಮಾವನ ಶೆಡ್ಡಲ್ಲಿ ಏನಿರುತ್ತೆ? ಸ್ಟೂಲು, ಮಫ್ಲರು."

"ಅಲ್ಲ ಕಣೋ, ಬೆಳಗ್ಗೆ ಹೊತ್ತು ನಿನ್ನ ಗಾಡಿ ಹಂದಿಮರಿ ಹಾಗೆ ಕೀರುತ್ತಲ್ಲ, ನನ್ನ ನಿದ್ದೆಯೆಲ್ಲ ಹಾಳು. ಅದನ್ನ ಮಾವನಿಗೆ ಮಾಡಿ ತೋರಿಸಿದ್ಯಾ?"

ಡ್ರೈವರ್ ಮೀಸೆ ತಿರುವಿದ. "ಗರ್ರ್ ಅನ್ನೋದು ತೋರಿಸಿದೀನಿ. ಊಂ ಅನ್ನೋದೂ ತೋರಿಸಿದೀನಿ."

"ಕೀ ಅನ್ನೋದು?"

"ದೊಡ್ಡಮ್ಮ, ಅಲ್ಲಿ ಸ್ಟ್ಯಾಂಡಿನವರೆಲ್ಲ ನಿಂತಿರ್ತಾರೆ. ನಾನು ಅವರ ಮುಂದೆ ಕೀ ಅನ್ಲಾ?"

ದೊಡ್ಡಮ್ಮ ಅವನ ಮೀಸೆಯನ್ನೂ ಮುಖವನ್ನೂ ಒಮ್ಮೆ ನೋಡಿದಳು. ಈ ಮೀಸೆಯ ಮರ್ಯಾದೆಗೆ ಅಲ್ಲಿ ಒಬ್ಬರ ಬದುಕು ಮುಗಿಯುವ ಹಾಗಿದೆ! ಚಪ್ಪಲಿ ಮೆಟ್ಟಿ ನೇರ ಶೆಡ್ಡಿಗೆ ಹೋದಳು.

"ನಾಳೆ ಬೆಳಗ್ಗೆ ಗಾಡಿ ನಮ್ಮನೆ ಮುಂದೆ ತಣ್ಣಗೆ ನಿಂತಿರೋವಾಗ್ಲೇ ಬಂದು ನೋಡಿ," ಎಂದಳು ಮಾವನ ಎದುರಿಗೆ ನಿಂತು, ತುಟಿ ಚೆನ್ನಾಗಿ ಕಾಣುವ ಹಾಗೆ.

"ನನ್ನ ಹತ್ತಿರ ಗಾಡಿಗಳು ಬರ್ತವೆ ಅಕ್ಕಾ, ನಾನು ಗಾಡಿಗಳ ಹತ್ತಿರ ಹೋಗಲ್ಲ."

"ಹೋಗದೆ ಇದ್ರೆ ಅವೂ ಬರಲ್ಲ. ಆಮೇಲೆ ನಿಮ್ಮಿಷ್ಟ."

ಬೆಳಗ್ಗೆ ಮಾವ ಬಂದ. ಮಫ್ಲರಿನ ಮೇಲೆ ಇನ್ನೊಂದು ಮಫ್ಲರ್, ಕೈಯಲ್ಲಿ ಮೀಟರು. ಗಾಡಿಯ ಗಾಜಿನ ಮೇಲೆ ಹಿಮದ ಪುಡಿ. ಬ್ಯಾಟರಿಯ ಎರಡು ತುದಿಗೂ ಮೀಟರಿನ ಕಡ್ಡಿ ಒತ್ತಿದ, ಹನ್ನೆರಡರ ಆಸುಪಾಸು. "ಅರೆಹೊಟ್ಟೆ," ಎಂದು ಗೊಣಗಿದ. ಡ್ರೈವರ್ ಒಳಗೆ ಕೂತು ಗಾಜು ಏರಿಸಿಕೊಂಡು, ದೀಪ, ಹೀಟರು ಎಲ್ಲ ಹಾಕಿಕೊಂಡೇ ಕೀ ತಿರುಗಿಸಿದ. ಗಾಡಿ ಊಂ ಊಂ ಎಂದು ಹೇಗೋ ಹತ್ತಿತು.

ಹತ್ತಿದ್ದೇ ತಡ, ಬಾನೆಟ್ಟಿನೊಳಗಿಂದ ಕಿವಿ ಸೀಳುವಂಥ ಕೀರಲು. ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ದಡಬಡಿಸಿ ಎದ್ದು ಓಡಿತು. ದೊಡ್ಡಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಮಾವ ಮಾತ್ರ ಕೆರೆದಡದ ಕೊಕ್ಕರೆಯ ಹಾಗೆ ಅಲುಗದೆ ಮೀಟರು ನೋಡುತ್ತ ನಿಂತಿದ್ದ. ಮುಳ್ಳು ಹನ್ನೆರಡರಿಂದ ಮೇಲೇಳುವ ಬದಲು ಕೆಳಗಿಳಿಯುತ್ತಿತ್ತು. ಅವನು ತಲೆಯೆತ್ತಿದ. ಓಡಿದ ನಾಯಿಯನ್ನು ನೋಡಿದ. ದೊಡ್ಡಮ್ಮನ ಕೈಗಳನ್ನು ನೋಡಿದ. ಅವನ ಮುಖದ ಬಣ್ಣ ಹೋಯಿತು.

ಅವಳು ಕಿವಿಯಿಂದ ಕೈ ತೆಗೆದಳು. ಶಾಲು ಸರಿಮಾಡಿಕೊಂಡು, ಬೀದಿಯ ನಟ್ಟನಡುವೆ ನಿಂತು, ಹಲ್ಲು ಕಚ್ಚಿ ತುಟಿ ಅಗಲಿಸಿ, "ಕೀಈಈಈಈ..." ಎಂದಳು. ಮೊದಲು ಜೋರು, ಆಮೇಲೆ ಸಣ್ಣಗೆ, ಆಮೇಲೆ ತುಂಡುತುಂಡಾಗಿ, ಗಾಡಿ ಹೇಗೆ ಮಾಡುತ್ತಿತ್ತೋ ಹಾಗೆಯೇ. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ತೆರೆದರೆ ತೆರೆಯಲಿ.

ಮಾವ ಅವಳ ತುಟಿಯನ್ನೇ ನೋಡುತ್ತಿದ್ದ. ಅವಳು ನಿಲ್ಲಿಸುವ ಹೊತ್ತಿಗೆ ಮೀಟರು ನಿಧಾನಕ್ಕೆ ಹದಿಮೂರು ದಾಟಿ ಹದಿನಾಲ್ಕಕ್ಕೆ ಬಂದು ನಿಂತಿತ್ತು.

"ಬೆಲ್ಟು!" ಎಂದು ಹಣೆ ಬಡಿದುಕೊಂಡ. "ಡೈನಮೋ ತಿರುಗಿಸೋ ಬೆಲ್ಟು ಚಳಿಗೆ ಜಾರ್ತಾ ಇದೆ ಅಕ್ಕಾ. ಬಿಸಿಯಾದ್ಮೇಲೆ ಹಿಡ್ಕೊಳ್ಳುತ್ತೆ. ನಿಂತು ತಣ್ಣಗಾದ್ರೆ ಮತ್ತೆ ಜಾರುತ್ತೆ, ಬ್ಯಾಟರಿ ಹೊಟ್ಟೆ ತುಂಬೋದೇ ಇಲ್ಲ. ನಾನು ದಿನಾ ದಾರೀಲೇ ಊಟ ಮಾಡ್ಕೊಂಡು ಬಂದವನ ಹೊಟ್ಟೆ ಮುಟ್ಟಿ, ಹಸಿವೇ ಇಲ್ಲ ಅಂತಿದ್ದೆನಲ್ಲ!"

ಎಂಜಿನ್ ನಿಲ್ಲಿಸಿ ಬೆಲ್ಟಿನ ಒಳಮೈ ತೋರಿಸಿದ. ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಹೊಸದನ್ನು ಹಾಕಿ, ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿದ. ಮರುದಿನ ಅದೇ ಚಳಿಯಲ್ಲಿ, ಅದೇ ಜಾಗದಲ್ಲಿ ಮತ್ತೆ ಮೀಟರು ಹಿಡಿದ. ದೀಪ, ಹೀಟರು ಎಲ್ಲ ಹಾಕಿದ್ದರೂ ಮುಳ್ಳು ನೇರ ಹದಿನಾಲ್ಕಕ್ಕೆ ಹೋಗಿ ಕೂತಿತು. ನಾಯಿ ಮೆಟ್ಟಿಲ ಮೇಲಿಂದ ಏಳಲೇ ಇಲ್ಲ.

ಆ ಸಂಜೆ ಸ್ಟ್ಯಾಂಡಿನವರು ಶೆಡ್ಡಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಮಾವ ಎರಡೂ ಮಫ್ಲರ್ ಬಿಚ್ಚಿ ಮಡಿಚಿಟ್ಟ. ಗಂಟಲು ಸರಿಮಾಡಿಕೊಂಡ. ದೊಡ್ಡಮ್ಮ ಮೂಲೆಯಲ್ಲಿ ಸೀಟಿಗೆ ಕವರ್ ತೊಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನನಗೆ ಕಿವಿ ಕೇಳಿಸಲ್ಲ," ಎಂದ ಮಾವ. "ಬಹಳ ದಿನ ಆಯ್ತು. ಅದಕ್ಕೇ ಈ ಗಾಡಿ ಬೆಲ್ಟು ತಪ್ಪಿಹೋಯ್ತು. ಈಗ ಹೊಸ ಗ್ಯಾರೇಜಿಗೆ ಹೋಗೋರು ಹೋಗ್ಬಹುದು."

ಯಾರೂ ಲೋಟ ಕೆಳಗಿಡಲಿಲ್ಲ. ಮೀಸೆ ಡ್ರೈವರ್ ಒಂದು ಗುಟುಕು ಹೀರಿ, "ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಮಾವ," ಎಂದ.

"ಏನು?"

"ಗೊತ್ತು! ಗೊತ್ತಿತ್ತು!" ಎಂದು ಎಲ್ಲರೂ ಒಟ್ಟಿಗೆ ತುಟಿ ಅಗಲಿಸಿದರು.

"ಮತ್ತೆ ಯಾರೂ ಯಾಕ್ರಯ್ಯ ಹೇಳಲಿಲ್ಲ?"

"ನೀವು ಮುಚ್ಚಿಡೋಕೆ ಅಷ್ಟು ಕಷ್ಟಪಡ್ತಿದ್ರಿ. ನಡುವೆ ನಾವ್ಯಾಕೆ ಕಡ್ಡಿ ಆಡ್ಸೋದು ಅಂತ. ನಮಗೆ ಸಿಟ್ಟು ಇದ್ದದ್ದು ಗಾಡಿ ಹತ್ತಲ್ಲ ಅಂತ, ನಿಮ್ಮ ಕಿವಿ ಮೇಲಲ್ಲ," ಎಂದ ಡ್ರೈವರ್.

"ಕಿವಿ ವಿಷಯ ಬಿಡು," ಎಂದಳು ದೊಡ್ಡಮ್ಮ ಮೂಲೆಯಿಂದ. "ಕಿವಿ ಕೇಳಿಸಲ್ಲ ಅಂತ ಗೊತ್ತಿದ್ದೂ ಕೀ ಅನ್ನೋಕೆ ನಾಚ್ಕೊಂಡ್ಯಲ್ಲೋ, ನಿನಗೇನು ಹೇಳೋಣ?"

ಶೆಡ್ಡು ಹಾರಿಹೋಗುವ ಹಾಗೆ ನಗು ಎದ್ದಿತು. ಅವತ್ತು ಸ್ಟ್ಯಾಂಡಿನವರು ಮೀಸೆ ಡ್ರೈವರನ ಬಾಯಿಂದ ಕೀ ಎನ್ನಿಸದೆ ಬಿಡಲಿಲ್ಲ. ಚೆನ್ನಾಗಿಯೇ ಅಂದ. ಹೊಸ ಗ್ಯಾರೇಜಿಗೆ ಯಾರೂ ಹೋಗಲಿಲ್ಲ.

ಆಮೇಲೆ ಮಾವ ಚಳಿಗಾಲದ ಬೆಳಗುಗಳಲ್ಲಿ ತಾನೇ ಗಾಡಿಗಳ ಬಳಿಗೆ ಹೋಗತೊಡಗಿದ. ದೊಡ್ಡಮ್ಮ ಕಿಟಕಿಯಿಂದ ಬಗ್ಗಿ, ಯಾವ ಗಾಡಿ ಹೇಗೆ ಕೂಗಿತು ಎಂದು ಮೇಲಿಂದಲೇ ಕೂಗಿ ತೋರಿಸುವಳು. ಒಮ್ಮೆ ಶೀತ ನೆಗಡಿಯಾಗಿ ಗಂಟಲು ಕಟ್ಟಿದ್ದಾಗ ಅವಳು ಮಾಡಿದ ಸದ್ದನ್ನು ನೋಡಿ ಮಾವ ಒಳ್ಳೆಯ ಸ್ಟಾರ್ಟರೊಂದನ್ನು ಬಿಚ್ಚಿ ಹಾಕಿದ್ದ, ಅದು ಬೇರೆ ಮಾತು.

ಕೊನೆಗೊಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಮಾವ ಹಾಸಿಗೆ ಹಿಡಿದ. ದೊಡ್ಡಮ್ಮ ಗಂಜಿ ತೆಗೆದುಕೊಂಡು ಹೋದಳು. ಕೋಣೆಯ ಗೋಡೆಗೆ ಆನಿಸಿಟ್ಟ ಹಾಸಿಗೆ, ತಲೆಯ ಹತ್ತಿರ ಕಪ್ಪು ದಿಂಬು. ಅವಳು ಕುರ್ಚಿ ಎಳೆದುಕೊಂಡು, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕೂತು ಚಮಚ ಚಮಚವಾಗಿ ಕುಡಿಸಿದಳು. ಹೆಚ್ಚು ಮಾತಾಡಲು ಅವನಿಗೆ ದಮ್ಮಿರಲಿಲ್ಲ. ಆದರೆ ಬಹಳ ದಿನದಿಂದ ಕೊರೆಯುತ್ತಿದ್ದ ಏನೋ ಒಂದಿದೆ ಎಂದು ಕಣ್ಣಲ್ಲೇ ಗೊತ್ತಾಗುತ್ತಿತ್ತು. ಲೋಟ ಖಾಲಿಯಾದ ಮೇಲೆ ಅವಳ ತೋಳು ಹಿಡಿದು ಹತ್ತಿರ ಕರೆದ. ಬಾಳೆಲ್ಲ ಊರಿನ ಗಾಡಿಗಳ ಕೊರತೆ ಕಂಡುಹಿಡಿದವನ ಮುಖದಲ್ಲಿ ಸಣ್ಣದೊಂದು ಮುನಿಸಿತ್ತು.

"ಅಕ್ಕಾ, ನಿಜ ಹೇಳಿ," ಎಂದ. "ನನ್ನ ಕಿವಿ ಕೆಟ್ಟಿದೆ ಅಂತ ಮೊದಲು ಕಂಡುಹಿಡಿದದ್ದು ನೀವಾ, ಆ ಮೀಸೆಯವನಾ?"