ಹಗುರಾದ ಹಗ್ಗ

ನಮ್ಮ ಸ್ಕೂವೊಯ್ ದ್ವೀಪದಲ್ಲಿ ಸುನ್ನೇವಾ ಚಿಕ್ಕಮ್ಮನಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ದೋಣಿ ಹತ್ತಲು ಹೆದರಿಕೆ, ಬಾಗಿಲು ಬಡಿದರೆ ಹೆದರಿಕೆ. ಅಂಥವಳಿಗೆ ಸಿಕ್ಕ ಗಂಡನೋ ಹಾನುಸ್! ಲೋಮ್ವಿ ಎಂಬ ಕಡಲಹಕ್ಕಿಯ ಮೊಟ್ಟೆಗಾಗಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಡಲಂಚಿನ ಕಡಿದಾದ ಬಂಡೆ ಇಳಿಯುವವನು, ಇಳಿಯುತ್ತ ಹಾಡುವವನು.

ಬೇಸಿಗೆ ಬಂತೆಂದರೆ ಚಿಕ್ಕಮ್ಮನಿಗೆ ಊಟ ಸೇರುತ್ತಿರಲಿಲ್ಲ. ಆದರೂ ಅಂಚಿನ ಕೆಲಸವನ್ನು ಯಾರಿಗೂ ಬಿಟ್ಟುಕೊಡಳು. ಮೇಲೆ ಸಾಲಾಗಿ ನಿಂತು ಹಗ್ಗ ಹಿಡಿದ ನಮಗೆ ಕೆಳಗಿನದು ಕಾಣುವುದಿಲ್ಲ. ಹಕ್ಕಿಗಳ ಗಲಾಟೆಯಲ್ಲಿ ಕೂಗೂ ಕೇಳುವುದಿಲ್ಲ. ಅಂಚಿನಲ್ಲಿ ಬೋರಲು ಮಲಗಿ ನೋಡುವವರು ಕೈಸನ್ನೆ ಮಾಡಿದಂತೆ ಬಿಡಬೇಕು, ಎಳೆಯಬೇಕು.

ಒಂದು ದಿನ ಹಾನುಸ್ ಕೆಳಗಿದ್ದಾಗ ಹಗ್ಗ ಇದ್ದಕ್ಕಿದ್ದಂತೆ ಹಗುರಾಯಿತು.

"ಬಿದ್ದ! ಎಳೀರೋ!" ನನ್ನ ಮುಂದಿದ್ದ ಟ್ರೋಂದುರ್ ಕಿರುಚಿದ.

"ಎಳೆದ್ರೆ ಕೈ ಮುರೀತೀನಿ!" ಚಿಕ್ಕಮ್ಮ ತಿರುಗದೆಯೇ ಅರಚಿದಳು. "ಬಿದ್ದಿದ್ರೆ ನಂಗೆ ಕಾಣ್ತಿರ್ಲಿಲ್ವಾ? ಮೊಟ್ಟೆ ಆಸೆಗೆ ಹಗ್ಗ ಬಿಚ್ಚಿ ಒಳಗಿನ ಸಂದಿಗೆ ನುಗ್ಗಿದಾನೆ, ಹಾಳಾದೋನು. ಕಲ್ಲಿಗೆ ಸರಿಯಾಗಿ ಸುತ್ತಿಲ್ಲ, ಹಗ್ಗ ಜಾರಿ ಆಚೆ ತೂಗ್ತಿದೆ. ಅದನ್ನೂ ಎಳ್ಕೊಂಡ್ರೆ ಅವನು ಏನು ಹಿಡ್ಕೋತಾನೆ?"

ಬಂಡೆಯ ತಲೆ ಮುಂದಕ್ಕೆ ಚಾಚಿದೆ. ಅವನು ಅದರಡಿ ಎಲ್ಲೋ ನಿಂತಿದ್ದಾನೆ, ಹಗ್ಗ ಕೈಗೆಟುಕದೆ ಗಾಳಿಯಲ್ಲಿದೆ. ಚಿಕ್ಕಮ್ಮ ಎದೆವರೆಗೂ ಅಂಚಿನಾಚೆ ಬಾಗಿ, ಅವನು ನೆಗೆದು ಹಿಡಿಯಲೆಂದು ಹಗ್ಗವನ್ನು ಒಳಗೆ ಹೊರಗೆ ತೂಗತೊಡಗಿದಳು. ನಾನು ಅವಳ ಕಾಲು ಹಿಡಿದುಕೊಂಡೆ. ಹಗ್ಗ ಹಗುರಾಗಿಯೇ ಮರಳಿತು. ಮತ್ತೆ ತೂಗಿದಳು, ಮತ್ತೂ ಹಗುರು. ಇನ್ನು ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ.

ಹಗ್ಗ ಜಗ್ಗಿತು. ಹಿಂದಿದ್ದವರೆಲ್ಲ ಮುಗ್ಗರಿಸಿದರು.

"ಈಗ ಎಳೀರೋ!" ಚಿಕ್ಕಮ್ಮ ಕೂಗಿದಳು.

ಹಾನುಸ್ ಮೇಲೆ ಬಂದಾಗ ಅಂಗಿಯೊಳಗಿನ ಮೊಟ್ಟೆಗಳೆಲ್ಲ ಒಡೆದು ಲೋಳೆ ಮೊಣಕಾಲಿಗಿಳಿದಿತ್ತು. "ಎಲ್ಲಾ ದಂಡ ಆಯ್ತಲ್ಲೇ" ಎಂದು ಹಲ್ಲು ಕಿರಿದ. ಅವಳು ಹಗ್ಗ ಸುತ್ತಿಟ್ಟು ಮನೆಗೆ ನಡೆದಳು.

ಮರುವರ್ಷ ಚಿಕ್ಕಮ್ಮ ಹಗ್ಗವನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡಳು. "ಈ ಸಲ ಅಂಚಲ್ಲಿ ನೀನು ಮಲಗಿ ನೋಡು," ಎಂದಳು ಹಾನುಸನಿಗೆ.

"ಹುಚ್ಚು ಹಿಡೀತೇನೇ? ಸೌಟು ಬಿದ್ರೆ ಬೆಚ್ಚಿಬೀಳ್ತೀಯ!"

"ಹೌದು. ಮಲಗು."

ಮುಖ ಸುಣ್ಣವಾಗಿತ್ತು, ಆದರೂ ಇಳಿದಳು. ಅಂಚಿನಲ್ಲಿ ಮಲಗಿದ ಹಾನುಸನಿಗೆ ಅಂದು ಹಾಡು ಹೊರಡಲಿಲ್ಲ. ಅವಳ ತಲೆಯ ರುಮಾಲು ಬಂಡೆಯಡಿ ಮರೆಯಾದಾಗ ನಮಗೆ ಸನ್ನೆ ಮಾಡುವುದನ್ನೇ ಮರೆತು "ಸುನ್ನೇವಾ, ಸುನ್ನೇವಾ" ಎಂದು ಕೂಗುತ್ತಿದ್ದ.

ಅವಳು ಒಂದೇ ಮೊಟ್ಟೆ ತಂದಳು. ಒಡೆದಿರಲಿಲ್ಲ.

"ಇನ್ಮೇಲೆ ಇಳೀಬೇಡ ಕಣೇ," ಎಂದ ಹಾನುಸ್.

"ನೀನು?"

ಅವನು ಅವಳ ಸೊಂಟದ ಗಂಟು ಬಿಚ್ಚಲು ಕೂತ. ಜೀವಮಾನವಿಡೀ ಅದೇ ಗಂಟು ಹಾಕಿ ಬಿಚ್ಚಿದವನು. ಅಂದು ಅವನ ಬೆರಳಿಗೆ ಅದರ ತುದಿಯೇ ಸಿಗಲಿಲ್ಲ; ಕೊನೆಗೆ ನಾನೇ ಬಿಚ್ಚಿದೆ.