ತಿಪ್ಪಮ್ಮ ಹಡಗು ಹತ್ತಲಿಲ್ಲ

ಒಬ್ಬ ತಾಯಿ ತನ್ನ ಮಗಳನ್ನು ಎಷ್ಟು ಹೀನಾಯವಾಗಿ ಬೈಯಬಹುದು? ಅದೂ ಮಗಳ ಎದುರಿಗೇ, ಮದ್ರಾಸಿನಿಂದ ಬಂದ ದೊರಸಾನಿಯ ಎದುರಿಗೆ, ಆ ಮಗಳನ್ನು ಇಂಗ್ಲೆಂಡ್ ಸೀಮೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನವಾಗುವ ಗಳಿಗೆಯಲ್ಲಿ?

ಹೋದ ವಾರ ಕಣ್ಣಾರೆ ಕಂಡೆ. ಅವತ್ತಿನಿಂದ ಮೈಯೆಲ್ಲ ಸುಸ್ತು. ಜ್ವರವೇನಲ್ಲ. ಜ್ವರವಾಗಿದ್ದರೆ ಮಾತ್ರೆಯಾದರೂ ಇತ್ತು.

ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಕಲಿಯುವ ಹುಡುಗಿಯರಿದ್ದಾರಲ್ಲ, ಅವರಲ್ಲಿ ಒಬ್ಬಳು ತಿಪ್ಪಮ್ಮ. ಯಲ್ದೂರಿನವಳು. ನನ್ನ ಹೆಂಡತಿಯ ತವರೂರೂ ಅದೇ. ತಿಪ್ಪಮ್ಮನ ಅಪ್ಪ ನನ್ನ ಹೆಂಡತಿಗೆ ಊರ ವರಸೆಯಲ್ಲಿ ಅಣ್ಣನಾಗಬೇಕು, ಅವರು ಈಗ ಬದುಕಿಲ್ಲ. ಹಾಗಾಗಿ ಅವಳಿಗೆ ನಾನು ಮಾವ. (ಯಲ್ದೂರಿನ ಅರ್ಧ ಮಕ್ಕಳಿಗೆ ನಾನು ಮಾವನೇ. ಹಣ್ಣಿನ ಕಾಲದಲ್ಲಿ ಮಾತ್ರ ಇದರಿಂದ ನನಗೆ ಲಾಭ.)

ಹೆಸರು ಕೇಳಿ ನಗಬೇಡಿ. ಅವಳಿಗಿಂತ ಮುಂಚೆ ಅವಳ ತಾಯಿ ವೆಂಕಟಮ್ಮನಿಗೆ ಎರಡು ಗಂಡು ಮಕ್ಕಳು ಹುಟ್ಟಿದ್ದವು. ಕೆಂಪಗೆ, ದುಂಡಗೆ ಇದ್ದವಂತೆ. ನೋಡಿದವರೆಲ್ಲ ಹೊಗಳಿದರು. ಎರಡೂ ಉಳಿಯಲಿಲ್ಲ. ಮೂರನೆಯದು ಹುಟ್ಟಿದಾಗ ಸೂಲಗಿತ್ತಿ ಮಗುವನ್ನು ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ, ಎತ್ತಿಕೊಂಡು ಬಂದು, ತಿಪ್ಪಮ್ಮ ಎಂದು ಕರೆದಳು. ತಿಪ್ಪೆಯಲ್ಲಿ ಸಿಕ್ಕಿದ್ದನ್ನು ಯಮನೂ ಮುಟ್ಟುವುದಿಲ್ಲ, ಕೆಟ್ಟ ಕಣ್ಣೂ ತಾಗುವುದಿಲ್ಲ ಎಂಬ ಲೆಕ್ಕ. ಹುಡುಗಿ ಉಳಿದಳು. ಅಂದಿನಿಂದ ಇಂದಿನವರೆಗೆ ವೆಂಕಟಮ್ಮ ಮಗಳ ಬಗ್ಗೆ ಒಂದು ಒಳ್ಳೆಯ ಮಾತನ್ನು ಬಾಯಿಬಿಟ್ಟು ಆಡಿದವರಲ್ಲ.

ಈಗ ಯುದ್ಧ ಮುಗಿದಿದೆ. ಸಿಪಾಯಿಗಳನ್ನು ಹೊತ್ತು ಸಾಕಾದ ಹಡಗುಗಳು ಮತ್ತೆ ಮಾಮೂಲಿ ಜನರನ್ನು ಹತ್ತಿಸಿಕೊಳ್ಳುತ್ತಿವೆ. ಮದ್ರಾಸಿನ ಒಂದು ಸಂಘದವರಿಗೆ ಒಳ್ಳೆಯ ಬುದ್ಧಿ ಬಂತು. ಈ ಕಡೆಯಿಂದ ನರ್ಸ್ ಕಲಿಯುವ ಒಬ್ಬ ಹುಡುಗಿಯನ್ನು ಸೀಮೆಗೆ ಕಳಿಸುವುದು, ಅಲ್ಲಿ ಅವಳು ಹೆರಿಗೆ, ಬಾಣಂತಿ, ಎಳೆಮಕ್ಕಳ ಆರೈಕೆ ಕಲಿತು ಬಂದು ನಮ್ಮ ಹಳ್ಳಿಗಳಲ್ಲಿ ಕೆಲಸ ಮಾಡುವುದು. ಖರ್ಚೆಲ್ಲ ಸಂಘದ್ದೇ. ಒಂದೇ ಷರತ್ತು: ಮನೆಯ ಹಿರಿಯರು ಖುದ್ದಾಗಿ ಬಂದು ಒಪ್ಪಿಗೆ ಹೇಳಬೇಕು.

ಆಸ್ಪತ್ರೆಯ ಡಾಕ್ಟರಮ್ಮ ತಿಪ್ಪಮ್ಮನ ಹೆಸರು ಹೇಳಿದರು. ಹುಡುಗಿ ಓಡಿಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಮಾವ, ಕಲ್ತು ಬಂದ್ರೆ ಯಲ್ದೂರಲ್ಲೇ ಒಂದು ಹೆರಿಗೆ ಮನೆ ಇಡ್ತೀನಿ. ಅಮ್ಮನಿಗಾದ ಹಾಗೆ ಇನ್ಯಾರಿಗೂ ಆಗ್ಬಾರ್ದು."

ಮಗಳು ಸಮುದ್ರ ದಾಟಬೇಕಲ್ಲ ಎಂದು ಹೆದರಿದ ವೆಂಕಟಮ್ಮನನ್ನು ಒಪ್ಪಿಸಲು ನನ್ನ ಹೆಂಡತಿ ಯಲ್ದೂರಿಗೆ ಹೋಗಿ ಕೂತಳು. ಅಳು, ಊಟ ಬಿಡುವುದು, ಮನೆದೇವರಿಗೆ ಹೂವಿಟ್ಟು ಕೇಳುವುದು ಎಲ್ಲ ಆಯಿತು. ಹೂವು ಬಲಗಡೆಗೆ ಬಿತ್ತು. ವೆಂಕಟಮ್ಮ ಕಣ್ಣೊರೆಸಿಕೊಂಡು ಹೊರಟರು. ನೋಡಿ, ಕಷ್ಟದ ಕೆಲಸವೆಲ್ಲ ಮುಗಿದಿತ್ತು.

ಇನ್ನು ಇಂಟರ್‌ವ್ಯೂ. ಮೇಜಿನ ಆಚೆ ದೊರಸಾನಿ. ಪಕ್ಕದಲ್ಲಿ ಆಸ್ಪತ್ರೆಯ ಗುಮಾಸ್ತರು, ಮಾತನ್ನು ಆಚೆಗೂ ಈಚೆಗೂ ದಾಟಿಸಲು. ಈಚೆ ವೆಂಕಟಮ್ಮ, ತಿಪ್ಪಮ್ಮ, ನಾನು. ದೊರಸಾನಿ ಒಳ್ಳೆಯ ಹೆಂಗಸು. ನಗುನಗುತ್ತಾ ಶುರು ಮಾಡಿದರು.

"ನಿಮ್ಮ ಮಗಳು ಇಲ್ಲಿಯ ಹುಡುಗಿಯರಲ್ಲೇ ಜಾಣೆ ಅಂತೆ. ಒಳ್ಳೆ ಆರೋಗ್ಯವಂತೆ, ಕೆಲಸದಲ್ಲಿ ಚುರುಕು ಅಂತೆ. ನೀವು ಪುಣ್ಯವಂತರು."

ಗುಮಾಸ್ತರು ಅದನ್ನು ಕನ್ನಡಕ್ಕೆ ತಂದರು. ವೆಂಕಟಮ್ಮನ ಮುಖ ಬಿಳಿಚಿತು. ಎದುರಿಗೇ, ಇಷ್ಟೊಂದು ಹೊಗಳಿಕೆ, ಅದೂ ನೀಲಿ ಕಣ್ಣಿನಿಂದ!

"ಅಯ್ಯೋ, ಇವಳಾ?" ಅಂದರು. "ಇವಳ ಕೈಲಿ ಏನಾಗ್ತದೆ ತಾಯಿ? ನೆಟ್ಟಗೆ ಒಂದು ಮುದ್ದೆ ತಿರುವೋಕೆ ಬರಲ್ಲ. ವರ್ಷೆಲ್ಲಾ ಕೆಮ್ಮು, ಜ್ವರ. ಮೈಗಳ್ಳಿ. ಏನೋ ದೊಡ್ಡ ಮನಸ್ಸು ಮಾಡಿ ನೀವು ಇಟ್ಕೊಂಡಿದ್ದೀರಿ."

ಓದುಗರೇ, ಇದು ನಿಮಗೂ ನನಗೂ ಅರ್ಥವಾಗುತ್ತದೆ. ನಮ್ಮ ಕಡೆ ಯಾವ ತಾಯಿಯಾದರೂ ಹೇಳುವುದು ಇದನ್ನೇ. ಆದರೆ ಗುಮಾಸ್ತರು ನಿಯತ್ತಿನ ಮನುಷ್ಯ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ, ಅಷ್ಟನ್ನೂ ಇಂಗ್ಲಿಷಿಗೆ ತಂದಿಟ್ಟರು. ಕೆಮ್ಮನ್ನೂ ಬಿಡಲಿಲ್ಲ.

ದೊರಸಾನಿಯ ನಗು ಹೋಯಿತು. "ಇದು ನಿಜವೇ?" ಎಂದು ತಿಪ್ಪಮ್ಮನನ್ನೇ ಕೇಳಿದರು. ಹುಡುಗಿ ನೆಲ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ವೆಂಕಟಮ್ಮ "ಊರ್ಕೋವೇ" ಎಂದು ತೆಲುಗಿನಲ್ಲಿ ಗದರಿ ಸುಮ್ಮನಿರಿಸಿದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ದೃಷ್ಟಿ, ತಿಪ್ಪೆ, ಸತ್ತ ಮಕ್ಕಳು ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಹೇಳಿದರು: "ಯುದ್ಧಕ್ಕೆ ಮುಂಚೆ ಬೇರೆ ಕಡೆಯಿಂದ ಕಳಿಸಿದ ಒಬ್ಬ ಹುಡುಗಿ ಕಾಯಿಲೆಯನ್ನು ಮುಚ್ಚಿಟ್ಟು ಬಂದು, ಚಳಿಯಲ್ಲಿ ಸಾಯುವ ಹಾಗಾದಳು. ಡಾಕ್ಟರಿಗೂ ಅದು ಗೊತ್ತಾಗಿರಲಿಲ್ಲ. ಮಗಳ ಆರೋಗ್ಯ ತಾಯಿಗಿಂತ ಇನ್ಯಾರಿಗೆ ಗೊತ್ತು? ನಾಳೆ ಬನ್ನಿ. ಮಗಳು ಗಟ್ಟಿಮುಟ್ಟಾಗಿದ್ದಾಳೆ ಅಂತ ತಾಯಿಯೇ ಹೇಳಲಿ, ಸಾಕು."

ತಪ್ಪೇನಿದೆ ಅವರದು? ಹುಡುಕಿದೆ, ಸಿಗಲಿಲ್ಲ.

ಹೊರಗೆ ಬಂದ ಮೇಲೆ ತಿಪ್ಪಮ್ಮನನ್ನು ಕೇಳಿದೆ, ಒಂದು ಮಾತು ಹೇಳಬಾರದಿತ್ತೇ ಎಂದು. "ಹೊರಗಿನೋರ ಮುಂದೆ ಅಮ್ಮ ಸುಳ್ಳು ಹೇಳ್ತಾವ್ಳೆ ಅಂತ ಹೆಂಗೆ ಹೇಳ್ಲಿ ಮಾವ?" ಅಂದಳು.

ಅವತ್ತು ಸಂಜೆಯೆಲ್ಲ ನಮ್ಮ ಮನೆಯಲ್ಲಿ ರಿಹರ್ಸಲ್. ನನ್ನ ಹೆಂಡತಿ ಮೇಷ್ಟ್ರು, ವೆಂಕಟಮ್ಮ ವಿದ್ಯಾರ್ಥಿನಿ. ಪಾಠ ಇಷ್ಟೇ: ನನ್ನ ಮಗಳು ಗಟ್ಟಿಯಾಗಿದ್ದಾಳೆ, ಅವಳಿಗೆ ಕಾಯಿಲೆಯಿಲ್ಲ, ಚೆನ್ನಾಗಿ ಕೆಲಸ ಮಾಡುತ್ತಾಳೆ. ಪಕ್ಕದ ಮನೆ ಹುಡುಗಿಯ ಬಗ್ಗೆ ಹೇಳಿ ನೋಡು ಎಂದರೆ ಸಲೀಸಾಗಿ ಹೇಳಿದರು. ತಿಪ್ಪಮ್ಮನ ಹೆಸರು ಬಂದರೆ ನಾಲಗೆ ನಿಲ್ಲುತ್ತಿತ್ತು.

"ನೀನು ಹೇಳು ಅತ್ತಿಗೆ, ಆಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಿಸಾಕೋಣ" ಎಂದು ನನ್ನವಳು ಧೈರ್ಯ ಹೇಳಿದಳು.

"ಹೇಳ್ತೀನಿ ಬಿಡಮ್ಮ" ಅಂದರು. ಅವರಿಗೂ ಮಗಳು ಹೋಗಲಿ ಎಂದೇ ಇತ್ತು. ಅದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಬೆಳಿಗ್ಗೆ ಮಗಳ ಬಿಳಿ ಟೋಪಿಯ ಕೆಳಗೆ, ಕಿವಿಯ ಹಿಂದೆ, ಯಾರಿಗೂ ಕಾಣದ ಹಾಗೆ ಕಾಡಿಗೆಯ ಬೊಟ್ಟಿಟ್ಟರು. ಒಳಗೆ ಹೋದೆವು. ದೊರಸಾನಿ ಹೇಳಿ ಎನ್ನುವಂತೆ ತಲೆಯಾಡಿಸಿದರು.

"ನನ್ನ ಮಗಳು..." ಎಂದು ವೆಂಕಟಮ್ಮ ಶುರು ಮಾಡಿದರು. ನಿಂತರು. ಮಗಳ ಕಡೆ ತಿರುಗಿದರು. ಆ ಎರಡು ಗಂಡು ಮಕ್ಕಳು ಕಣ್ಣ ಮುಂದೆ ಬಂದವೋ ಏನೋ. ಸೆರಗು ಬಾಯಿಗೆ ಹೋಯಿತು.

"ಏನೋ ತಾಯಿ... ಇದ್ದಾಳೆ, ಅಷ್ಟೇ."

ಗುಮಾಸ್ತರು ಅದನ್ನೂ ನಿಯತ್ತಾಗಿ ದಾಟಿಸಿದರು. ಇಬ್ಬರನ್ನು ಕಳೆದುಕೊಂಡ ತಾಯಿಯ ಬಾಯಲ್ಲಿ 'ಇದ್ದಾಳೆ' ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಯಾವುದು ಸ್ವಾಮಿ? ಅದನ್ನು ಯಾವ ಇಂಗ್ಲಿಷಿನಲ್ಲಿ ಹೇಳುವುದು? ನಾನು ಎದ್ದು ನಿಂತು ಏನೇನೋ ಹೇಳಿದೆ. ದೊರಸಾನಿ ವೆಂಕಟಮ್ಮನ ಕೈ ಹಿಡಿದು ಸಮಾಧಾನ ಮಾಡಿದರು. ಆದರೆ ಸ್ಕಾಲರ್‌ಶಿಪ್ ಕೊಡಲಿಲ್ಲ.

ಅದು ಮುಳಬಾಗಿಲಿನ ಒಬ್ಬ ಹುಡುಗಿಗೆ ಹೋಯಿತು. ಅವಳೂ ಒಳ್ಳೆಯವಳೇ, ನನಗೇನೂ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.) ಅವಳಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಹೊಗಳುವುದೇ ಅವರ ಕಸುಬು. ಎತ್ತು ಮಾರುವಷ್ಟೇ ಜೋರಾಗಿ ಮಗಳನ್ನು ಹೊಗಳಿದರಂತೆ. ಬಾಯಿ ಬಿಡಿಸಿ ಹಲ್ಲು ತೋರಿಸುವುದೊಂದು ಬಾಕಿಯಿತ್ತು ಎಂದು ಗುಮಾಸ್ತರೇ ಹೇಳಿದರು.

ಯೋಚಿಸಿದಷ್ಟೂ ಬೇಸರ. ನಮ್ಮಲ್ಲಿ ಯಾರು ತಾನೇ ಚೆನ್ನಾಗಿದ್ದೇನೆ ಎಂದು ಒಪ್ಪಿಕೊಳ್ಳುತ್ತಾರೆ? ಮಾಲೂರಿನಲ್ಲಿ ಕಣ ತುಂಬ ರಾಗಿ ರಾಶಿ ಹಾಕಿದವನನ್ನು ಕೇಳಿ, "ಏನಿದೆ ಬಿಡಿ, ಎಲ್ಲಾ ಜೊಳ್ಳು" ಅನ್ನುತ್ತಾನೆ. ಹುತ್ತೂರಿನಲ್ಲಿ ಒಳ್ಳೆ ಗೂಡು ಕಟ್ಟಿದ ರೇಷ್ಮೆಹುಳುವಿನ ತಟ್ಟೆಯನ್ನು ಪರರ ಕಣ್ಣಿಗೆ ಬೀಳಿಸುವುದಿಲ್ಲ. ಹಾಲು ಕರೆಯುವ ಹಸುವಿನ ಕೆಚ್ಚಲಿಗೆ ಬಟ್ಟೆ ಅಡ್ಡ. ಒಳ್ಳೆಯದನ್ನೆಲ್ಲ ಮುಚ್ಚಿಡುವುದೇ ನಮಗೆ ಗೊತ್ತಿರುವ ಕಾವಲು. ನಮ್ಮ ನಮ್ಮಲ್ಲಿ ಅದು ನಡೆಯುತ್ತದೆ. ಹೇಳಿದ್ದನ್ನೇ ನಂಬುವ ಪರವೂರಿನವರು ಎದುರಿಗೆ ಕೂತಾಗ? ಮುಂದೆ ಇನ್ನಷ್ಟು ದೊರಸಾನಿಯರು ಬರುತ್ತಾರೆ, ಇನ್ನಷ್ಟು ಹಡಗುಗಳು ಹೊರಡುತ್ತವೆ. ನಾವು ಮಾತ್ರ ಇದೇ ಕುರ್ಚಿಯಲ್ಲಿ ಕೂತು ಮಕ್ಕಳನ್ನು ಬೈಯುತ್ತಿರುತ್ತೇವೆಯೇ?

ತಿಪ್ಪಮ್ಮ ಅಳಲಿಲ್ಲ. "ವಾರ್ಡಿನಲ್ಲಿ ಟೆಂಪರೇಚರ್ ನೋಡ್ಬೇಕು, ಬರ್ತೀನಿ ಮಾವ" ಎಂದು ಹೊರಟುಹೋದಳು. ಹಿಂದಿನಿಂದ ನೋಡಿದರೆ ಕಿವಿಯ ಹತ್ತಿರ ಕಾಡಿಗೆ ಬೆವರಿಗೆ ಕರಗಿ ಕತ್ತಿನವರೆಗೆ ಇಳಿದಿತ್ತು.

ವೆಂಕಟಮ್ಮನನ್ನು ಬಸ್ಸು ಹತ್ತಿಸಲು ಹೋದೆ. ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು, ಹೊರಡುವುದಕ್ಕೆ ಎಂದಿನ ಹಾಗೆ ತಡ. ಡ್ರೈವರ್ ಬಸ್ಸಿನ ಹಿಂದೆ ನಿಂತು ಇದ್ದಿಲು ಕೆದಕುತ್ತಿದ್ದ. ಕಿಟಕಿಯ ಹತ್ತಿರ ಕೂತ ವೆಂಕಟಮ್ಮ ಪಕ್ಕದಲ್ಲಿದ್ದ, ಪರಿಚಯವೇ ಇಲ್ಲದ ಹೆಂಗಸಿಗೆ ಮೆಲ್ಲಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

"ನನ್ನ ಮಗಳು ಈ ಊರಿನ ಆಸ್ಪತ್ರೇಲಿ ನರ್ಸಮ್ಮ ಕಣಮ್ಮ. ಅಲ್ಲಿರೋ ಹುಡುಗೀರಲ್ಲೆಲ್ಲಾ ಜಾಣೆ. ಒಂದು ದಿನ ಜ್ವರ ಅಂತ ಮಲಗ್ದೋಳಲ್ಲ. ಸೀಮೆಗೆ ಕಳಿಸ್ತೀವಿ ಅಂದಿದ್ರು."

ಈಗ ಧೈರ್ಯವಾಗಿ ಹೇಳಬಹುದು. ದೃಷ್ಟಿ ತಾಗುವುದಕ್ಕೆ ಇನ್ನು ಉಳಿದಿರುವುದಾದರೂ ಏನು?